ನಿನ್ನೆಯ ಕಿಟಕಿ

...ಆ ಕುರ್ಚಿ ಬೇಡ ಮಾವಶಿ, ಈ ಸ್ಟೂಲ್ ಮೇಲೆ ಕೂತ್ಕೊ. ಇಲ್ಲ ಇಲ್ಲ, ಮುರ್ದಿಲ್ಲ, ಗಟ್ಟಿಯೇ ಅದೆ... ದೋಣಿ ಲೆಕ್ಕಕ್ಕೆ ರೋಷನ ಕೂರ್ತಿದ್ದ ಕುರ್ಚಿ ಅದು. ಅಂವ ಊರು ಬಿಟ್ಟು ಹೋದ್ಮೇಲೆ ಯಾರೂ ಕೂತಿಲ್ಲ. ನಾನೂ ಇಲ್ಲ. ...ಆಯ್ತು, ಕೂತ್ಕೊ, ಅಲ್ಲೇ ಕೂತ್ಕೊ. ಮಗನ ಕುರ್ಚೀಲಿ ತಾಯಿ ಕೂರಬಾರ್ದು ಅನ್ನೂಕೆ ನಾ ಯಾರು!

ಕಾಗದ ಆಮೇಲೆ. ಓದ್ತೆ ಮಾರಾಯ್ತಿ, ಓದೂದಿಲ್ಲ ಅಂದ್ನಾ? ಅಕ್ಷರ ನೋಡ್ದ ಕೂಡ್ಲೆ ಗೊತ್ತಾಯ್ತು, ರೋಷನಂದೇ. ಗೋವಾದಿಂದ ಬರ್ದದ್ದಾ? ಹಾಂ. ಬಾಗ್ಲಲ್ಲಿ ನಿಂತು ಹೀಗೆ ಕೈ ಚಾಚಿದ್ಯಲ್ಲ, ಮಾತಿಲ್ಲ ಕತೆಯಿಲ್ಲ, ಗುರ್ತೇ ಸಿಗ್ಲಿಲ್ಲ ನಂಗೆ. ತಲೆ ಮೇಲೆ ಮೀನಿನ ಬುಟ್ಟಿಯಿಲ್ದೆ ನಿನ್ನ ಮನೆ ಹೊರಗೆ ನೋಡ್ದದ್ದೇ ಕಮ್ಮಿ ನಾನು! ಬೊಬ್ರುವಾಡದ ನನ್ ರೂಮಿನ ಮುಂದೆ ನಿಂತು "ರಾಮನಾಥ ಮಾಸ್ತರ್, ಬಾಂಗ್ಡೆ ಬೇಕಾ" ಅಂತ ನನ್ ರಜೆ ದಿನ ತಪ್ಪದೆ ಕೂಗ್ತಿದ್ದವ್ಳು... ಎರಡು ತಿಂಗ್ಳಾಯ್ತು, ನನ್ ಬಾಗ್ಲು ಬಿಟ್ಟು ಮುಂದಿನ ಬಾಗ್ಲಿಗೆ ಹೋಗ್ತಿ. ನಾ ಒಳಗೆ ನಿಂತು ನೋಡ್ತೆ. ಬಯ್ತಾ ಇಲ್ಲ ನಿನ್ನ. ಸುಮ್ನೆ ಹೇಳ್ದೆ.

ಅಲ್ಲಾ, ಇವತ್ತು ಭಾನುವಾರ. ಮನೇಲಿ ವಿನುತಾ ಇಲ್ವಾ? ಕಾಲೇಜಿಗೆ ಹೋಗೂ ಹುಡ್ಗಿ, ಅಣ್ಣನ ಕಾಗದ ಓದೂಕೆ ಅವ್ಳಿಗೆ ಬರೂದಿಲ್ವಾ? ...ಕಾರವಾರಕ್ಕೆ ಹೋಗಿದ್ದಾಳಾ, ಚಿಕ್ಕಮ್ಮನ ಮನೆಗೆ? ತಲೆ ಆಡ್ಸಿದ್ಯಾ, ಇಲ್ಲಾ ನೊಣ ಓಡ್ಸಿದ್ಯಾ? ಹೋಗ್ಲಿ ಬಿಡು. ನನ್ ಹತ್ರ ತಂದ್ಯಲ್ಲ, ಅದೇ ದೊಡ್ಡದು. ಇನ್ನೂ ನನ್ನ ಮೇಲೆ ವಿಶ್ವಾಸ ಅದೆ ಅಂತಾಯ್ತು.

ಕಾಗದ ಓದೂ ಮೊದ್ಲು ಒಂದು ತೋರಿಸ್ತೆ ನಿಂಗೆ. ಇಲ್ಲ, ಇದು ನೋಡ್ಲೇಬೇಕು ನೀನು. ಊರವ್ರೆಲ್ಲ ಬಾಯಿಗೆ ಬಂದದ್ದು ಹೇಳ್ತಾರೆ, ರೋಷನ ದೀಪ ಆರಿಸ್ದ, ತುಳಸಿದಾಸ ಸತ್ತ ಅಂತ. ನಿಂಗೆ ಯಾರೂ ಕೂರ್ಸಿ ತೋರಿಸ್ಲೇ ಇಲ್ಲ, ಈ ಕಂಪ್ಯೂಟರಲ್ಲಿ ಎಂತದು ಅದೆ, ತಪ್ಪು ಎಲ್ಲಾಯ್ತು ಅಂತ. ಹೆತ್ತವ್ಳಿಗೆ ಗೊತ್ತಿರ್ಬೇಕಲ್ಲ! ಹೆದ್ರಬೇಡ, ಕಚ್ಚೂದಿಲ್ಲ. ಹಾಂ, ನಾ ಇದನ್ನ ಬರ್ದ ಕಂಪ್ಯೂಟರ್ ಭಾಷೆ ಹೆಸ್ರು ಪೈಥಾನ್, ಅಂದ್ರೆ ಹೆಬ್ಬಾವು... ಅರೆ, ಯಾಕೆ ಹಿಂದೆ ಸರಿದೆ? ತಮಾಷೆ ಮಾರಾಯ್ತಿ! ರೋಷನನಿಗೆ ಮೊದಲ ದಿನ ಹೇಳ್ದಾಗ ಎಷ್ಟು ನಕ್ಕಿದ್ದ. "ಸರ್, ನಮ್ಮ ಅವ್ವ ದೋಣಿ ಎಣಿಸೂಕೆ ಕರಟ ಇಟ್ಕೊಂಡ್ಳು, ನೀವು ಹೆಬ್ಬಾವು ಇಟ್ಕೊಂಡ್ರಿ" ಅಂದ.

ನಿನ್ನ ಕರಟ ನೆನಪು ಮಾಡ್ಕೊ. ಎರಡು ತೆಂಗಿನ ಕರಟ, ದೋಣಿಗೊಂದರಂತೆ ಇಪ್ಪತ್ಮೂರು ಕಪ್ಪೆಚಿಪ್ಪು. ಬೆಳಿಗ್ಗೆ ಒಂದು ದೋಣಿ ನೀರಿಗೆ ಇಳಿದ್ರೆ ಬಲದ ಕರಟದ ಒಂದು ಚಿಪ್ಪು ಎಡದ ಕರಟಕ್ಕೆ. ಸಂಜೆ ಆ ದೋಣಿ ಬಂದ್ರೆ ಚಿಪ್ಪು ತಿರುಗಿ ಬಲಕ್ಕೆ. ಎಡದ ಕರಟ ಖಾಲಿ ಆಯ್ತಾ, ಆಗ ನೀ ಕೂಗೂದು, "ಎಲ್ಲಾ ಬಂದ್ರು, ದೀಪ ಆರಿಸ್ರೋ!" ಈ ಮೀನುಗಾರರ ಸೊಸೈಟಿ ಕಂಬದ ದೀಪ ಆಗ್ಲೇ ಆರೂದು. ದೀಪ ಉರೀತಿದ್ರೆ ಒಬ್ಬ ಇನ್ನೂ ನೀರಲ್ಲಿದ್ದಾನೆ, ಹುಡುಕೂಕೆ ಹೋಗ್ಬೇಕು. ನಿನ್ನತ್ತೆ ಕಾಲದಿಂದ್ಲೂ ಹಾಗೇ. ನಾ ಮಾಡ್ದದ್ದೂ ಅದನ್ನೇ. ಕರಟದ ಬದ್ಲು ಕಿಟಕಿ, ಅಷ್ಟೇ. ನಿಮ್ಮ ಕೊಂಕಣೀಲಿ ಜನೇಲ ಅಂತೀರಲ್ಲ, ಅದು.

ನೋಡು, ಈ ಕೆಂಪು ಕಿಟಕಿ ನಿನ್ನ ಎಡದ ಕರಟ. 'ಕಡಲಿಗೆ ಹೋದವು.' ಈಗ ಈ ಗುಂಡಿ ಒತ್ತು. ನೀನೇ ಒತ್ತು, ಇಲಿ ಹಿಡ್ದ ಹಾಗೆ ಹಿಡ್ಕೊ... ಹಾಂ! ಕೆಂಪು ಅಡಗ್ತು, ಹಸಿರು ಬಂತು. ಇದು ಬಲದ ಕರಟ. 'ದಡಕ್ಕೆ ಬಂದವು.' ತಿರುಗಿ ಒತ್ತು, ಹಸಿರು ಅಡಗ್ತದೆ, ಕೆಂಪು ಬರ್ತದೆ. ಎರಡೇ ಕಿಟಕಿ. ಒಂದು ಬಂದ್ರೆ ಇನ್ನೊಂದು ಹೋಗ್ತದೆ. ಈಗ ಹೇಳು ಮಾವಶಿ, ಇದ್ರಲ್ಲಿ ತಪ್ಪಾಗೂಕೆ ಜಾಗ ಎಲ್ಲಿ ಅದೆ?

...ಎಂತ ಹುಡುಕ್ತಿ ಅಲ್ಲಿ? ಈ ಕಂಪ್ಯೂಟರ್ ಟೀವಿ ಹಿಂದೆ ಬಗ್ಗಿ ನೋಡ್ತಿಯಲ್ಲ! ಹಿಂದೆ ಎಂತ ಇಲ್ಲ, ಬರೀ ವಾಯರು, ಜೇಡರ ಬಲೆ. ಅಯ್ಯೋ ಮಾವಶಿ, ಕಿಟಕಿ ಅಂದ್ರೆ ನಿಜ್ವಾಗ್ಲೂ ಹಿಂದೆ ಓಣಿ ಕಾಣ್ತದೆ ಅಂತ ಮಾಡ್ದ್ಯಾ? ನಗು ಬರ್ತದೆ ನಿನ್ನ ನೋಡಿ. ...ಇಲ್ಲ, ನಗೂದಿಲ್ಲ. ನೀ ಹಾಗೆ ನೋಡ್ಬೇಡ.

ಒತ್ತು ಒತ್ತು, ಎಷ್ಟು ಸಲ ಬೇಕಾದ್ರೂ ಒತ್ತು. ಹತ್ತು ಸಲ ಒತ್ತಿದ್ರೂ ಒಂದೇ ಬರೂದು ಈಗ...

ಏನು? ಯಾಕೆ ಕೈ ನಿಲ್ಲಿಸ್ದೆ? ..."ಈಗ" ಅಂದ್ನಾ? ಅಂದೆ ಏನೋ, ಮಾತಿಗೆ ಬಂತು. ಈಗ, ಆಗ, ಯಾವಾಗ್ಲೂ ಒಂದೇ. ನಂದು ಕುಂಬಳಕಾಯಿ ಕಳ್ಳ ಅಂದ್ರೆ ಹೆಗ್ಲು ಮುಟ್ಟಿ ನೋಡ್ಕಂಡ ಹಾಗಾಯ್ತು. ಹಿಹಿ. ...ಬಿಸಿಲು ಬರ್ತದೆ ಅಲ್ಲಿ, ಸ್ವಲ್ಪ ಇತ್ಲಾಗೆ ಸರಿ.

ಆ ದಿನದ್ದು ಹೇಳ್ತೆ. ನಾ ಇರ್ಲಿಲ್ಲ, ಕೈಗಾದಲ್ಲಿ ಡ್ಯೂಟಿ, ನಿಂಗೊತ್ತದೆ. ಸ್ಟೋರಿನ ಲೆಕ್ಕ ಬರಿಯೂವ ನಾನು, ಇದು ನನ್ನ ಭಾನುವಾರದ ಹುಚ್ಚು. ತುಳಸಿ ಮದುವೆಯ ಮಾರನೇ ದಿನ ಅದು. ಹಬ್ಬದ ದಿನ ಎಲ್ಲರೂ ಬೇಗ ಬಂದಿದ್ರು, ನಾಲ್ಕು ಗಂಟೆಗೇ ಇಪ್ಪತ್ಮೂರಕ್ಕೆ ಇಪ್ಪತ್ಮೂರು ಹಸಿರು. ಮಾರನೇ ದಿನ ಗಾಳಿ. ಅರ್ಧ ದೋಣಿ ಹೊಳೆ ಬಾಯಲ್ಲಿ ದಡ ಹತ್ತಿದ್ವು, ಅರ್ಧ ಇಲ್ಲಿ. ರೋಷನ ಫೋನ್ ಕಿವೀಲಿ ಇಟ್ಕೊಂಡು ಒಂದೊಂದೇ ಒತ್ತಿದ್ದಾನೆ. ಇಪ್ಪತ್ತೆರಡು. ತುಳಸಿದಾಸನ ದೋಣಿ ಇಲ್ಲ. ಸಂಜೆ ಏಳಕ್ಕೆ ಕೊನೇ ಸಲ ಬಂದು ನೋಡಿದ್ದಾನೆ... ನೋಡಿ, ಹೋಗಿ, ದೀಪ ಆರ್ಸಿದ್ದಾನೆ.

ಆ ದೀಪ ನೋಡಿ ದಮಯಂತಿ, ಗಂಡ ದಡದಲ್ಲೇ ಇದ್ದಾನೆ, ಮೀನು ಮಾರಿ ಬರ್ತಾನೆ ಅಂತ ಅನ್ನ ಮುಚ್ಚಿಟ್ಟು ಮಲಗಿದ್ಲು. ಅತ್ಲಾಗೆ ಕಡಲಲ್ಲಿ ಕಲ್ಲಿನ ಹತ್ರ ದೋಣಿ ಮಗುಚಿ, ಅಂವ, ಜೊತೆಗೆ ಹೋದ ಸೂರಜ್, ಇಬ್ಬರೂ ದೋಣಿ ಬೆನ್ನು ತಬ್ಬಿಕೊಂಡಿದ್ರಂತೆ. ಸೂರಜ್ ಬದುಕಿ ಬಂದು ಹೇಳ್ದನಲ್ಲ... ಕೇಳ್ದೆ ನೀನೂ. ದೀಪ ಉರಿಯೂತನಕ ತುಳಸಿದಾಸ ಮಾತಾಡ್ತಿದ್ದ, "ಬರ್ತಾರೆ, ದೀಪ ಅದೆ, ಬರ್ತಾರೆ" ಅಂತಿದ್ದ. ದೀಪ ಆರ್ತು. ಆಮೇಲೆ ಅಂವ ಮಾತಾಡ್ಲಿಲ್ಲವಂತೆ.

ಬೇಡ, ಕಣ್ಣು ಒರೆಸ್ಕೊ. ...ನೀ ಅಳ್ತಾ ಇಲ್ಲ? ನಾನಾ? ಹಾಂ, ನಾನೇ. ಬಿಸಿಲಿಗೆ ಕಣ್ಣೀರು ಬರ್ತದೆ ನಂಗೆ, ಮೊದ್ಲಿಂದ್ಲೂ.

ಹಾಗಾಗಿ ಮೀಟಿಂಗಲ್ಲಿ ಸೊಸೈಟಿ ಅಧ್ಯಕ್ಷರು ಕೇಳಿದ್ರು, "ಪ್ರೋಗ್ರಾಮಿನ ತಪ್ಪಾ, ಒತ್ತಿದವನ ತಪ್ಪಾ?" ನೀ ಹೊರಗೆ ಗೇರು ಮರದ ಅಡೀಲಿ ಕೂತಿದ್ದೆ, ಒಳಗಿಂದು ನಿಂಗೆ ಕಾಣ್ಲಿಲ್ಲ. ನಾ ಎಲ್ಲರ ಎದುರಿಗೆ ತೋರ್ಸಿದೆ, ಈಗ ನಿಂಗೆ ತೋರ್ಸಿದ ಹಾಗೇ. ಕೆಂಪು, ಹಸಿರು. ಹಸಿರು, ಕೆಂಪು. ಹತ್ತು ಸಲ. "ನೀವೇ ನೋಡಿ, ಎರಡೇ ಕಿಟಕಿ" ಅಂದೆ. "ರೋಷನ ಸುಳ್ಳ" ಅಂತ ನಾ ಹೇಳ್ಲಿಲ್ಲ ಮಾವಶಿ! ದೇವರಾಣೆ, ಅಂವನ ಹೆಸ್ರೇ ಎತ್ಲಿಲ್ಲ. ಮಿಷನ್ ಸರಿ ಅದೆ ಅಂದೆ, ಅಷ್ಟೇ. ಉಳಿದದ್ದು ಅವ್ರೇ ಹೇಳ್ಕಂಡ್ರು.

ಅಂವ ಗೋಡೆಗೆ ಒರಗಿ ನಿಂತಿದ್ದ. ಪರದೆ ನೋಡ್ತಿದ್ದ. ಮೊದಲ ಸಲ ಒತ್ತಿದಾಗ ಪರದೆ ನೋಡ್ದ, ಎರಡನೇ ಸಲ ಒತ್ತಿದಾಗ ನನ್ನ ನೋಡ್ದ. ಮತ್ತೆ ಪರದೆ ನೋಡ್ಲೇ ಇಲ್ಲ. ನನ್ನನ್ನೇ... ಒಂದು ಮಾತಾಡಿದ್ರೆ ಆಗ್ತಿತ್ತಲ್ಲ! ಯಾಕೆ ಬಾಯಿ ಬಿಡ್ಲಿಲ್ಲ ಅಂವ? ನಿನ್ನ ಹಾಗೇ ನಿನ್ ಮಗ. ಬಾಯಿಗೆ ಬೀಗ ಹಾಕ್ಕೊಂಡು ಕಣ್ಣಲ್ಲಿ ಕೊಲ್ಲೂದು.

...ಸಿಟ್ಟಲ್ಲಿ ಅಂದೆ. ಹೊಟ್ಟೇಲಿ ಇಟ್ಕೊ.

ನನ್ ಹತ್ರ ಮಾತಾಡೂವ ಅಂವ ಒಬ್ನೇ ಇದ್ದ, ಗೊತ್ತದ್ಯಾ? ಬೆಳಿಗ್ಗೆ ಕತ್ತಲಲ್ಲಿ ಎದ್ದು ಕಾರವಾರಕ್ಕೆ ಹೋಗಿ ಕೈಗಾ ಬಸ್ ಹತ್ತೂದು. ಕಾಡು ಶುರುವಾಗೂಕಿಂತ ಮೊದ್ಲೇ ಪಕ್ಕದವ ಬಾಯಿ ಕಳಕೊಂಡು ನಿದ್ದೆ. ಸ್ಟೋರಲ್ಲಿ ನಾನು, ಕಬ್ಬಿಣದ ಕಪಾಟು. ನನ್ನೂರು ಅಗಸೂರಿಗೆ ಹೋದ್ರೆ ಅಣ್ಣಂದಿರ ಮನೇಲಿ ಎಲೆ ಹಾಕ್ತಾರೆ, ಊಟ ಬಡಿಸ್ತಾರೆ, "ಯಾವಾಗ ಬಂದೆ" ಅಂತಾರೆ, "ಯಾವಾಗ ಹೋಗ್ತಿ" ಅಂತಾರೆ. ನಡುವೆ ಮಾತಿಲ್ಲ. ಭಾನುವಾರ ಇಲ್ಲಿಗೆ ಬಂದ್ರೆ ಮಾತ್ರ ನಿನ್ ಮಗ "ಬನ್ನಿ ಸರ್, ಇವತ್ತು ಎಂತ ಹೊಸತು?" ಅಂತ ಕುರ್ಚಿ ಎಳೀತಿದ್ದ. ಮಧ್ಯಾಹ್ನ ನಿನ್ ಮನೇಲಿ ತಿಸ್ರೆ ಚಿಪ್ಪಿನ ಸಾರು. ನೀ ಬಡಿಸ್ತಾ "ಮಾಸ್ತರ್, ಇನ್ನೊಂದು ತುತ್ತು" ಅಂತಿದ್ದೆ. ನಾ ಆ ಒಂದು ತುತ್ತಿಗೆ ವಾರವಿಡೀ ಕಾಯ್ತಿದ್ದೆ ಮಾವಶಿ. ಸುಳ್ಳಲ್ಲ.

ಈಗ್ಲೂ ಭಾನುವಾರ ಬರ್ತೆ. ಬೀಗದ ಕೈ ಇನ್ನೂ ನನ್ ಹತ್ರಾನೇ ಅದೆ, ಯಾರೂ ಕೇಳ್ಲಿಲ್ಲ. ಬಂದು ಇದನ್ನ ಚಾಲೂ ಮಾಡ್ತೆ. ಇದ್ರಲ್ಲಿ ಈಗ ಯಾರೂ ದೋಣಿ ಬರಿಯೂದಿಲ್ಲ. ಖಾಲಿ ಕೆಂಪು, ಖಾಲಿ ಹಸಿರು. ಒತ್ತುತ್ತಾ ಕೂರ್ತೆ. ಹೊರಗೆ ಆ ಕಂಬದ ದೀಪ ನೋಡ್ದ್ಯಲ್ಲ ಬರೂವಾಗ, ಇಷ್ಟು ಬಿಸಿಲಲ್ಲೂ ಉರೀತದೆ. ಎರಡು ತಿಂಗ್ಳಿಂದ ಹಗಲೂ ರಾತ್ರಿ ಉರೀತಾನೇ ಅದೆ. ಆರ್ಸೂಕೆ ಯಾರಿಗೂ ಧೈರ್ಯ ಇಲ್ಲ.

ನೀ ತಿರುಗಿ ಕರಟ ತೆಗೀಬಹುದಿತ್ತು. ಯಾಕೆ ತೆಗೀಲಿಲ್ಲ? ...ಗೊತ್ತದೆ. ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ದಿನ ಈ ಕಂಪ್ಯೂಟರ್ ಪೂಜೆ ಮಾಡ್ದಾಗ ನಾನೇ ಎಲ್ಲರ ಮುಂದೆ ಅಂದಿದ್ದೆ, "ಇನ್ನು ಕರಟ ಒಲೆಗೆ ಹಾಕು ಮಾವಶಿ" ಅಂತ. ಎಲ್ಲರೂ ನಕ್ಕಿದ್ರು. ನೀನೂ ನಕ್ಕಿದ್ದೆ. ನಿಜ್ವಾಗ್ಲೂ ಒಲೆಗೆ ಹಾಕಿದ್ಯಾ? ...ಹೇಳ್ಬೇಡ. ನಂಗೆ ಕೇಳೂದು ಬೇಡ.

ಆಯ್ತು, ತಾ ಕಾಗದ. ಓದ್ತೆ. ಎಷ್ಟೊತ್ತು ಹಿಡ್ಕೊಂಡು ಕೂರ್ತಿ.

ಕನ್ನಡಕ... ಹಾಂ. ಕೇಳು. "ಅವ್ವಾ, ನಾನು ಚೆನ್ನಾಗಿದ್ದೇನೆ. ಇಲ್ಲಿ ಬೋಟಿಗೆ ಐಸು ಹೊರುವ ಕೆಲಸ. ಊಟಕ್ಕೆ ತೊಂದರೆ ಇಲ್ಲ." ಕೇಳ್ದ್ಯಾ, ಊಟಕ್ಕೆ ತೊಂದ್ರೆ ಇಲ್ಲವಂತೆ, ಒಳ್ಳೇದಾಯ್ತು. "ವಿನುತಾಳ ಪರೀಕ್ಷೆ ಹೇಗಾಯಿತು?" ಆಮೇಲೆ... ಆಮೇಲೆ ಬರ್ದಿದ್ದಾನೆ... ತಡಿ, ಅಕ್ಷರ ಸಣ್ಣದದೆ... "ಅವ್ವಾ, ದೀಪ ಆರಿಸಿದ್ದು ನನ್ನ ಕೈಯೇ." ಹಾಂ. "ನನ್ನದೇ ತಪ್ಪು. ಅವಸರದಲ್ಲಿ ನಾನು ಸರಿಯಾಗಿ ನೋಡಲಿಲ್ಲ. ಯಾರನ್ನೂ ದೂರಬೇಡ. ರಾಮನಾಥ ಸರ್ ಅವರದ್ದು ಏನೂ ತಪ್ಪಿಲ್ಲ." ...ಇಷ್ಟೇ. "ಇಂತಿ ನಿನ್ನ ಮಗ." ಮುಗೀತು.

ಅಂವ ಒಳ್ಳೆಯವ. ಒಪ್ಕೊಂಡ ನೋಡು. ಎಷ್ಟು ಜನಕ್ಕೆ ಬರ್ತದೆ ಅದು? ನೀ ಮನಸ್ಸು ಗಟ್ಟಿ ಮಾಡ್ಕೊ.

...ಮಾವಶಿ?

ಏನು ಹಾಗೆ ಕೂತಿ? ಮಗ ತಪ್ಪು ಒಪ್ಕೊಂಡಿದ್ದಾನೆ ಅಂದೆ. ಊರವ್ರು ಹೇಳ್ದದ್ದೇ ಹೌದು ಅಂತ ಅಂವನ ಕೈಯಲ್ಲೇ ಬರ್ದಿದ್ದಾನೆ ಅಂದೆ. ಬಾಯಿ ಬಡ್ಕೊಳ್ಳೂದಿಲ್ಲ, "ಅಯ್ಯೋ ನನ್ ಮಗನೇ" ಅನ್ನೂದಿಲ್ಲ. ಕಣ್ಣಲ್ಲಿ ಒಂದು ಹನಿ ಇಲ್ಲ. ನನ್ನ ಬಾಯಿ ನೋಡ್ತಾ ಕೂತಿ, ಇನ್ನೂ ಉಳಿದದೆ, ಓದು ಅಂದ ಹಾಗೆ...

ಈ ಕಾಗದ... ಮಡಿಕೆ ಎಲ್ಲ ಹರ್ದು ಹೋಗಿದ್ಯಲ್ಲ. ಇವತ್ತು ಬಂದ ಕಾಗದ ಅಲ್ಲ ಇದು. ಎಷ್ಟು ಸಲ ಬಿಚ್ಚಿ ಮಡಚಿದ್ರಿ ಇದನ್ನ?

ವಿನುತಾ ಓದಿದ್ಲು.

ಓದಿದ್ಲು, ಅಲ್ವಾ? ದಿನಾ ಓದಿಸ್ಕೊಂಡೆ ಕಾಣ್ತದೆ. ನಿಂಗೆ ಬಾಯಿಪಾಠ ಆಗಿದೆ. ನಾ ಎಲ್ಲಿ ಸುಳ್ಳು ಸೇರ್ಸಿದೆ ಅಂತ ಅಲ್ಲಲ್ಲೇ ಗೊತ್ತಾಗ್ತಿತ್ತು ನಿಂಗೆ. ಅದಕ್ಕೇ... ಅದಕ್ಕೇ ನೀ ಟೀವಿ ಹಿಂದೆ ಬಗ್ಗಿ ನೋಡ್ದದ್ದು! ನಾ ನಕ್ಕೆ. ಥೂ, ನಾ ನಕ್ಕೆ ನಿನ್ನ ನೋಡಿ.

ಓದ್ತೆ. ಇರು, ಓದ್ತೆ, ಇದ್ದ ಹಾಗೇ ಓದ್ತೆ. "ಅವ್ವಾ, ದೀಪ ಆರಿಸಿದ್ದು ನನ್ನ ಕೈಯೇ. ಆದರೆ ಹಸಿರು ಕಂಡೇ ಆರಿಸಿದೆ. ಇಪ್ಪತ್ಮೂರೂ ಹಸಿರು ಇತ್ತು. ಮುಂದಿದ್ದ ಕಿಟಕಿ ಮುಚ್ಚಿದಾಗ ಹಿಂದೆ ನಿಂತಿದ್ದ ಹಬ್ಬದ ದಿನದ ಕಿಟಕಿ ಎದುರಿಗೆ ಬಂದಿತ್ತು. ಅದು ನಿನ್ನೆಯದು ಅಂತ ನನಗೆ ತಿಳಿಯಲಿಲ್ಲ."

ಹೌದು. ಹೌದು ಮಾವಶಿ. ಗುಂಡಿ ಒತ್ತಿದಾಗೆಲ್ಲ ಹೊಸ ಕಿಟಕಿ ಹುಟ್ತಿತ್ತು. ಹಳೇದು ಸಾಯ್ತಿರ್ಲಿಲ್ಲ, ಹಿಂದೆ ನಿಂತಿರ್ತಿತ್ತು, ಹಳೇ ದೋಣಿ ಎಲ್ಲ ಹೊತ್ಕೊಂಡು. ನಿನ್ನ ಹತ್ರ ಒಂದು ದೋಣಿಗೆ ಒಂದೇ ಚಿಪ್ಪು. ಅದು ಎರಡು ಕರಟದಲ್ಲಿ ಇರೂಕೆ ಸಾಧ್ಯವೇ ಇಲ್ಲ. ನಂದರಲ್ಲಿ ಸಾಧ್ಯ ಇತ್ತು. ತುಳಸಿದಾಸನ ದೋಣಿ ಮುಂದಿನ ಕಿಟಕೀಲಿ ಕಡಲಲ್ಲಿತ್ತು, ಹಿಂದಿನ ಕಿಟಕೀಲಿ ದಡದಲ್ಲಿತ್ತು. ಕಂಪ್ಯೂಟರ್ ರಾತ್ರಿ ಬಂದ್ ಮಾಡಿದ್ರೆ ಹಳೇ ಕಿಟಕಿ ಹೋಗ್ತಿತ್ತು. ಬಂದ್ ಮಾಡ್ಬೇಡ, ಚಾಲೂ ಆಗೂಕೆ ಕಾಲು ತಾಸು ಬೇಕು ಅಂದವ ನಾನೇ.

"ಹಿಂದೆ ಕಿಟಕಿ ಉಳಿಯುತ್ತದೆ ಅಂತ ಸರ್‌ಗೆ ಎರಡು ಭಾನುವಾರ ಹೇಳಿದ್ದೆ." ಹೇಳಿದ್ದ. "ಮುಂದಿನ ವಾರ ನೋಡುವಾ" ಅಂದಿದ್ದೆ. ನಿನ್ ಮನೆ ತಿಸ್ರೆ ಸಾರು ಉಣ್ತಾ ಅಂದಿದ್ದೆ. "ಸಭೆಯ ದಿನ ನೋಡಿದರೆ ಹಿಂದೆ ಏನೂ ಇರಲಿಲ್ಲ."

ಹೇಗಿರ್ತದೆ? ಮೀಟಿಂಗ್ ಹತ್ತಕ್ಕೆ, ನಾ ಬೆಳಿಗ್ಗೆ ಎಂಟಕ್ಕೇ ಬಂದು ಸರಿ ಮಾಡಿದ್ದೆ. ಒಂದೇ ಒಂದು ಸಾಲು ಮಾವಶಿ. ಹಳೇ ಕಿಟಕಿ ಇದ್ರೆ ಅದನ್ನೇ ಎತ್ತು, ಇಲ್ದಿದ್ರೆ ಮಾತ್ರ ಹೊಸದು ಮಾಡು. ಇಷ್ಟೇ. ಎರಡು ನಿಮಿಷ ಹಿಡೀಲಿಲ್ಲ. ಸರಿ ಮಾಡ್ದವ, ಎದ್ದು ನಿಂತು "ಮೊದ್ಲು ಹೀಗಿತ್ತು, ನಂದೇ ತಪ್ಪು" ಅನ್ಬೇಕಿತ್ತು. ಬಾಯಿ ತೆರೆದೆ. ದಮಯಂತಿ ಎದುರಿಗೇ ಕೂತಿದ್ಲು. ಬಾಯಿಂದ ಬಂದದ್ದು, "ನೀವೇ ನೋಡಿ, ಎರಡೇ ಕಿಟಕಿ."

ಇನ್ನೊಂದೆರಡು ಸಾಲು ಅದೆ. ಓದ್ಲಾ? ನಿಂಗೆ ಗೊತ್ತದೆ... ನಂಗಾಗಿ ಓದ್ತೆ.

"ರಾಮನಾಥ ಸರ್ ಕೆಟ್ಟವರಲ್ಲ ಅವ್ವಾ. ಹೆದರಿದ್ದಾರೆ. ಅವರಿಗೂ ಯಾರೂ ಇಲ್ಲ. ಒಂದು ಭಾನುವಾರ ಈ ಕಾಗದ ತಕ್ಕೊಂಡು ಆಫೀಸಿಗೆ ಹೋಗು. ಸುಮ್ಮನೆ ಕೂತುಕೋ. ನೀನಾಗಿ ಏನೂ ಕೇಳಬೇಡ. ಅವರೇ ಹೇಳುತ್ತಾರೆ."

...

ಬಂದಾಗಿಂದ ಒಂದು ಮಾತಾಡ್ಲಿಲ್ಲ ನೀನು. ಅಂವ ಹೇಳ್ದ ಹಾಗೇ ಕೂತೆ. ನಾ ಸುಳ್ಳು ಓದೂವಾಗ್ಲೂ ಕೂತೇ ಇದ್ದೆ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ.

ಎದ್ದ್ಯಾ? ಇರು, ಬೀಗ ಹಾಕ್ತೆ, ನಾನೂ ಬರ್ತೆ. ಮೊದ್ಲು ದಮಯಂತಿ ಮನೆಗೆ, ಆಮೇಲೆ ಅಧ್ಯಕ್ಷರ ಮನೆಗೆ. ಇವತ್ತೇ. ಬೈಲಿ, ಹೊಡೀಲಿ. ರೋಷನನ ಹೆಸ್ರು ತೊಳ್ಯೂತನಕ ನಾ ಈ ಊರು ಬಿಟ್ಟು ಹೋಗೂದಿಲ್ಲ... ಮಾವಶಿ, ಒಂದು ಮಾತು. ವಿನುತಾ ಹತ್ರ ಅಂವನಿಗೆ ಕಾಗದ ಬರೆಸ್ತಿಯಲ್ಲ... ನಾ ಸಿಕ್ಕಿಬಿದ್ದೆ ಅಂತ ಬರೆಸ್ಬೇಡ. ಅವರೇ ಹೇಳಿದ್ರು ಅಂತ ಬರೆಸ್ತೀಯಾ?

...ಮಾವಶಿ?